ರಟ್ಟಿನ ಒಳಮೈಗೆ ಅಂಟಿಸಿದ ಹಾಳೆ

ಉಡಿಗಾಲ
೧೮ ಫೆಬ್ರವರಿ ೨೦೨೪

ವನಿತಾ,

ನೀನು ಓದಿ ಮುಗಿಸಿ ವಾಚನಾಲಯಕ್ಕೆಂದು ಗುಂಡ್ಲುಪೇಟೆ ಬಸ್ಸಿಗೆ ಕೊಟ್ಟು ಕಳಿಸಿದ ಪುಸ್ತಕದ ಕಟ್ಟು ಹೋದ ವಾರ ಕೈಸೇರಿತು. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಶಿವಣ್ಣ ಅದನ್ನು ಕಿಟಕಿಯಿಂದಲೇ ಇಳಿಸಿ, "ಏನಮ್ಮಿ, ಯಾವಾಗ ನೋಡುದ್ರೂ ಇಟ್ಟಿಗೆ ತರಿಸ್ಕತಿಯಲ್ಲ, ಮನೆ ಯಾವಾಗ ಕಟ್ಟದು?" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಉತ್ತರ ಹೊಳೆದದ್ದು ಅಲ್ಲಿಂದ ನಡೆದು ಬಂದು ನಮ್ಮ ವಾಚನಾಲಯದ ಬೀಗ ತೆಗೆಯುವಾಗ. ನನ್ನ ಉತ್ತರಗಳೆಲ್ಲ ಬಸ್ಸು ಹೋದ ಮೇಲೆಯೇ ಬರುತ್ತವೆ. ಫೋನ್ ಇದ್ದೂ ನಾನು ನಿನಗೆ ಕಾಗದ ಬರೆಯುವುದು ಅದಕ್ಕೇ. ನೀನೂ ಕಾಗದದಲ್ಲೇ ಉತ್ತರಿಸುತ್ತೀಯಲ್ಲ, ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳ ಮೇಲಿನ ಕನಿಕರ ಇರಬೇಕು.

ಎರಡೂ ಪ್ರೋಗ್ರಾಮಿಂಗ್ ಪುಸ್ತಕಗಳಿಗೆ ನೀನು ಬರೆದ ಅಭಿಪ್ರಾಯವನ್ನು ಎಂದಿನಂತೆ ನಕಲು ಮಾಡಿ ರಟ್ಟಿನ ಒಳಮೈಗೆ ಅಂಟಿಸಿದ್ದೇನೆ. ನಿನ್ನ ಅಕ್ಷರ ಇನ್ನೂ ಕೋಳಿ ನೆಲ ಕೆದರಿದ ಹಾಗೇ ಇದೆ. ಆದರೆ ಬರೆದದ್ದು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬೇಕು. "ಈ ಪುಸ್ತಕ ಉದಾಹರಣೆಗೆಂದು ಕೊಡುವ ಬ್ಯಾಂಕಿಗೆ ಒಬ್ಬನೇ ಗಿರಾಕಿ. ಅವನು ಒಂದು ಸಲ ದುಡ್ಡು ಕಟ್ಟುತ್ತಾನೆ, ಒಂದು ಸಲ ತೆಗೆಯುತ್ತಾನೆ. ಅಂಥ ಬ್ಯಾಂಕಿಗೆ ಕೋಡ್ ಯಾಕೆ, ಒಂದು ಡಬ್ಬಿ ಸಾಕು. ಅರ್ಧದವರೆಗೆ ಓದಿ, ಆಮೇಲೆ ನಿಮ್ಮೂರಿನ ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಬಿಸಿಎ ಹುಡುಗರು ಮೇಜು ಕುಟ್ಟಿಕೊಂಡು ನಕ್ಕರು. ಅವರಿಗೆ ಪುಸ್ತಕ ಬೇಕಿಲ್ಲ. ರಟ್ಟು ತೆರೆದು ಹಾಳೆ ಓದಿ, ಮುಚ್ಚಿಡುತ್ತಾರೆ.

ಬಿಸಿಎ ಮುಗಿಸಿ ಕೆಲಸ ಹುಡುಕುತ್ತಿರುವ ರಮ್ಯ ಎಂಬ ಹುಡುಗಿ ಹಾಳೆಯ ಮೇಲೆ ಬೆರಳಾಡಿಸುತ್ತಾ, "ಈ ಅಕ್ಕ ಎಷ್ಟ್ ಚೆನ್ನಾಗ್ ಬರೀತಾರೆ ಮೇಡಂ! ಅಕ್ಷರ ಅಂತೂ ಮುತ್ತು ಪೋಣಿಸ್ದಂಗೆ" ಎಂದಳು.

ನಾನು "ಹೂಂ" ಎಂದೆ.

ನನ್ನ ಮೇಜಿನ ಎಡಕ್ಕೆ ಕಾದಂಬರಿ, ಕವಿತೆಗಳ ಕಪಾಟಿದೆ. ಅದರ ಬೀಗದ ಕೈ ತುಕ್ಕು ಹಿಡಿಯಬಾರದೆಂದು ನಾನೇ ಆಗಾಗ ತೆರೆದು ಮುಚ್ಚುತ್ತೇನೆ.

ನಿನ್ನ
ಬೃಂದಾ


ಭೀಮನಬೀಡು
೧೦ ಮಾರ್ಚ್ ೨೦೨೪

ಲೇ ಬೃಂದಾ,

ಮುತ್ತಿನಂಥ ಅಕ್ಷರದ ಹೊಗಳಿಕೆಯನ್ನೂ ನನ್ನ ಲೆಕ್ಕಕ್ಕೇ ಜಮಾ ಮಾಡಿಕೊಂಡಿದ್ದೇನೆ. ವಾಪಸ್ ಕೇಳಬೇಡ.

ಈ ಸಲ ಕಳಿಸುತ್ತಿರುವುದು ಉದ್ಯೋಗದಲ್ಲಿ ಮೇಲೇರುವುದು ಹೇಗೆ ಎನ್ನುವ ಜಾತಿಯ ಪುಸ್ತಕ. ಕೋಡಿನ ಪುಸ್ತಕ ಎರಡು ವರ್ಷಕ್ಕೆ ಹಳಸುತ್ತದೆ, ಇವು ಅಚ್ಚಾಗುವ ಮೊದಲೇ ಹಳಸಿರುತ್ತವೆ. ನಸುಕಿಗೇ ಎದ್ದರೆ ಯಶಸ್ಸು ಎಂದು ಒಂದು ಅಧ್ಯಾಯ. ನಮ್ಮಮ್ಮ ಹುಟ್ಟಿದಾಗಿನಿಂದ ನಸುಕಿಗೇ ಏಳುತ್ತಿದ್ದಾಳೆ, ಯಾವ ಕಂಪನಿಯೂ ಬಡ್ತಿ ಕೊಟ್ಟಿಲ್ಲ. ನಿಮಗೊಬ್ಬ ಗುರುವನ್ನು ಹುಡುಕಿಕೊಳ್ಳಿ ಎಂದು ಇನ್ನೊಂದು. ಭೀಮನಬೀಡಿನಲ್ಲಿ ಎಲ್ಲಿ ಹುಡುಕಲಿ? ಅಪ್ಪನನ್ನು ಕೇಳಿದೆ. "ಅರಿಶಿನ ಬೇಯಿಸಾಕೆ ಬೇಕಾದ್ರೆ ಗುರು ತೋರುಸ್ತೀನಿ ಕಣಮ್ಮಿ, ಕಂಪೂಟ್ರಿಗೆ ನಾನೆಲ್ಲಿ ಓಗ್ಲಿ" ಅಂದರು. ಇದನ್ನೆಲ್ಲ ಹಾಳೆಯಲ್ಲಿ ಬರೆದಿದ್ದೇನೆ. ನೀನು ಹೋದ ಸಲ 'ಬಗ್' ಅನ್ನುವುದನ್ನು 'ದೋಷ' ಎಂದು ತಿದ್ದಿದ್ದೀಯಂತೆ. ಬೇಡ ಮಾರಾಯ್ತಿ. ದೋಷ ಅಂದರೆ ಜಾತಕ ಬಿಚ್ಚಬೇಕಾಗುತ್ತದೆ.

ನನಗೆ ಹೇಗೆ ಗೊತ್ತಾಯಿತು ಅನ್ನುತ್ತೀಯಾ? ಆ ರಮ್ಯ ಎಲ್ಲಿಂದಲೋ ನನ್ನ ನಂಬರ್ ಹುಡುಕಿ, ಹಾಳೆಯ ಫೋಟೋ ಕಳಿಸಿ, ಆಮೇಲೆ ಫೋನ್ ಮಾಡಿದಳು. ಮಾತು ಶುರುವಾದದ್ದು ಮುಗಿಯಲೇ ಇಲ್ಲ. ಚುರುಕು ಹುಡುಗಿ. ನಮ್ಮ ಮೈಸೂರಿನ ಕಂಪನಿಗೆ ಚೆಂಡುಹೂವು ಕೊಳ್ಳುವ ಕೇಂದ್ರಗಳ ಕೆಲಸ ಸಿಕ್ಕಿದೆ, ತೂಕದಿಂದ ಚೀಟಿಯವರೆಗೆ ಎಲ್ಲವೂ ನಮ್ಮ ಸಾಫ್ಟ್‌ವೇರಿನಲ್ಲಿ. ಅದಕ್ಕಾಗಿ ಗುಂಡ್ಲುಪೇಟೆಯಲ್ಲಿ ಒಂದು ಕೋಣೆ ಹಿಡಿಯುತ್ತಾರಂತೆ. ಒಬ್ಬ ಟ್ರೈನಿ ಬೇಕು. ಅವಳ ಹೆಸರು ಹೇಳೋಣ ಅಂತಿದ್ದೇನೆ.

ವನಿತಾ


ಉಡಿಗಾಲ
೧೪ ಏಪ್ರಿಲ್ ೨೦೨೪

ವನಿತಾ,

ರಮ್ಯಳ ಜೊತೆ ಮಾತು ಮುಗಿಯಲೇ ಇಲ್ಲ ಎಂದಿದ್ದೀಯ. ಒಳ್ಳೆಯದು. ನನ್ನ ಜೊತೆ ನಿನ್ನ ಮಾತು ಸಾಮಾನ್ಯವಾಗಿ ಮುಗಿಯುತ್ತದೆ.

'ದೋಷ'ವನ್ನು ಕೆರೆದು ಮತ್ತೆ 'ಬಗ್' ಎಂದು ಬರೆದಿದ್ದೇನೆ. ಹಾಳೆ ಅಲ್ಲಿ ತೆಳುವಾಗಿದೆ. ರಮ್ಯಳಿಗೆ ಅದರ ಫೋಟೋವನ್ನೂ ಕಳಿಸಲು ಹೇಳು.

ನಿನಗೊಂದು ವಿಷಯ ಹೇಳಬೇಕು. ಮಧ್ಯಾಹ್ನ ವಾಚನಾಲಯದಲ್ಲಿ ಯಾರೂ ಇಲ್ಲದಾಗ ನಾನು ಈ ಪುಸ್ತಕಗಳನ್ನು ಓದುತ್ತಿದ್ದೇನೆ. ಕೋಡ್ ಬಂದ ಕಡೆ ದಾಟಿಕೊಂಡು, ಮಧ್ಯದ ಮಾತುಗಳನ್ನು ಮಾತ್ರ. ಈ ಲೇಖಕರು ತಾವು ಎಡವಿದ್ದನ್ನು ತೋರಿಸುವುದೇ ಇಲ್ಲ. ಗುಡಿಸಿ ರಂಗೋಲಿ ಇಟ್ಟ ಅಂಗಳವನ್ನಷ್ಟೇ ತೋರಿಸುತ್ತಾರೆ. ಕಸ ಎಲ್ಲಿಗೆ ಹೋಯಿತು ಎಂದು ಕಲಿಯುವವನಿಗೆ ತಿಳಿಯಬೇಡವೇ? ನನಗೆ ಹಾಗನ್ನಿಸಿತು. ಸರಿಯೋ ತಪ್ಪೋ, ನೀನು ಹೇಳಬೇಕು.

ಕಟ್ಟಿನಲ್ಲಿದ್ದ ಸಣ್ಣ ಪುಸ್ತಕಕ್ಕೆ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಬುದ್ಧಿ ಹೇಳುವ ಆ ಹಸಿರು ರಟ್ಟಿನದಕ್ಕೆ, ನೀನು ಹಾಳೆ ಬರೆದಿಲ್ಲ. ಮರೆತೆಯಾ? ಹುಡುಗರು ದಿನಾ ರಟ್ಟು ತೆರೆದು ನೋಡಿ, "ಇದುಕ್ಕೆ ಅಕ್ಕ ಇನ್ನೂ ಬರ್ದಿಲ್ವಾ?" ಎನ್ನುತ್ತಾರೆ.

ಬೃಂದಾ


ಗುಂಡ್ಲುಪೇಟೆ
೨೦ ಮೇ ೨೦೨೪

ಬೃಂದಾ,

ಎರಡೇ ಮಾತು, ಬೇಜಾರು ಮಾಡಿಕೊಳ್ಳಬೇಡ. ಹೂವಿನ ಕುಯ್ಲಿಗೆ ಮೊದಲು ಸಾಫ್ಟ್‌ವೇರ್ ಸಿದ್ಧವಾಗಬೇಕು, ನನಗೆ ಊಟ ಮಾಡಲೂ ಪುರುಸೊತ್ತಿಲ್ಲ. ಹಸಿರು ಪುಸ್ತಕಕ್ಕೆ ಆಮೇಲೆ ಬರೆಯುತ್ತೇನೆ, ಕಾಯಲಿ.

ರಮ್ಯ ಕೆಲಸಕ್ಕೆ ಸೇರಿದಳು. ಚಾಮರಾಜನಗರದಿಂದ ದಿನಾ ಬಂದು ಹೋಗುತ್ತಾಳೆ. ಇನ್ನು ಮೇಲೆ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟುಬಿಡು. ಭಾನುವಾರ ನಾವಿಬ್ಬರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಬುಡದಲ್ಲಿ ಬಸ್ಸಿಗೆ ಕಾದು ಕಾದು, ಹತ್ತುವಷ್ಟರಲ್ಲಿ ಮಂಜು ಇಳಿದು, ದೇವಸ್ಥಾನದ ಮೆಟ್ಟಿಲೂ ಕಾಣಲಿಲ್ಲ. ಆ ಹುಡುಗಿ ಅದಕ್ಕೂ ನಗುತ್ತಿದ್ದಳು. ಹಿಂದೆ ನಾವಿಬ್ಬರೂ ಹೋಗೋಣ ಅಂತ ಮಾತಾಡಿಕೊಂಡಿದ್ದೆವಲ್ಲ, ನೆನಪಾಯಿತು.

ವನಿತಾ


ಉಡಿಗಾಲ
೯ ಜೂನ್ ೨೦೨೪

ವನಿತಾ,

ಕಾಗದವನ್ನು ಶಿವಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ರಮ್ಯಳಿಗೆ ತೊಂದರೆ ಯಾಕೆ?

ಹಸಿರು ರಟ್ಟಿನ ಪುಸ್ತಕಕ್ಕೆ ನಾನೇ ಹಾಳೆ ಬರೆದು ಅಂಟಿಸಿದೆ. ನಿನಗೆ ಗೊತ್ತಿರಲೆಂದು ಇಲ್ಲಿ ನಕಲು ಮಾಡುತ್ತೇನೆ.

"ಹೊಸಬರು ಮೊದಲ ಆರು ತಿಂಗಳು ಸುಮ್ಮನೆ ನೋಡುತ್ತಿರಬೇಕು ಎಂದು ಈ ಪುಸ್ತಕ ಹೇಳುತ್ತದೆ. ಇದರಲ್ಲಿ ನಂಬಬಹುದಾದ ಮಾತು ಅದೊಂದೇ. ಹೊಸ ಮನೆಗೆ ಬಂದವಳಿಗೆ ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಮೆಟ್ಟಿಲು ಸವೆದಿದೆ ಎಂಬುದು ಕಾಲಿಗೆ ತಿಳಿಯಬೇಕು, ಬಾಯಿಗಲ್ಲ. ಬೇರೆಯವರು ಬರೆದ ಕೋಡೂ ಒಂದು ಮನೆ. ನಿಮಗೆ ವಿಚಿತ್ರವಾಗಿ ಕಂಡದ್ದನ್ನೆಲ್ಲ ತಪ್ಪು ಎನ್ನಬೇಡಿ. ಯಾರೋ ಒಬ್ಬರು ಯಾವುದೋ ಮಳೆಗೆ ಹೆದರಿ ಆ ಗೋಡೆಯನ್ನು ಅಲ್ಲಿ ಎಬ್ಬಿಸಿರಬಹುದು. ಸುಮ್ಮನಿರುವವರಿಗೆ ಮನೆ ತಾನಾಗಿಯೇ ಬಾಗಿಲು ತೆಗೆಯುತ್ತದೆ."

ನಿನ್ನ ಹಾಳೆಗಳ ಕೆಳಗೆ ನಿನ್ನ ಹೆಸರಿರುತ್ತದೆ. ಇದರ ಕೆಳಗೆ ಯಾರ ಹೆಸರನ್ನೂ ಹಾಕಿಲ್ಲ. ಯಾರಾದರೂ 'ಇದು ಬೇರೆ ಥರ ಇದೆಯಲ್ಲ, ಯಾರು ಬರೆದರು?' ಎಂದು ಕೇಳುತ್ತಾರೋ ನೋಡೋಣ ಎಂಬ ಚಪಲ. ನಿನಗೆ ಹಿಡಿಸದಿದ್ದರೆ ಬರೆ, ಕಿತ್ತುಹಾಕುತ್ತೇನೆ.

ಬೆಟ್ಟದಲ್ಲಿ ಮಂಜಿತ್ತು ಎಂದು ಬರೆದಿದ್ದೀಯ. ಏನೂ ಕಾಣಲಿಲ್ಲವೆಂದು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ಬೃಂದಾ


ಉಡಿಗಾಲ
೨೧ ಜುಲೈ ೨೦೨೪

ವನಿತಾ,

ನೀನು ಉತ್ತರ ಬರೆಯಲಿಲ್ಲ. ಪುಸ್ತಕವನ್ನೂ ಕಳಿಸಲಿಲ್ಲ. "ಇಟ್ಟಿಗೆ ಮುಗುದ್ವಾ ಕಣಮ್ಮಿ?" ಎಂದು ಶಿವಣ್ಣ ಕೇಳುತ್ತಾರೆ.

ಹಸಿರು ಪುಸ್ತಕದ ಹಾಳೆ ಹುಡುಗರಿಗೆ ಹುಚ್ಚು ಹಿಡಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಒಬ್ಬ ಹುಡುಗಿ 'ಸುಮ್ಮನಿರುವವರಿಗೆ ಮನೆ ತಾನಾಗಿಯೇ ಬಾಗಿಲು ತೆಗೆಯುತ್ತದೆ' ಎಂಬುದನ್ನು ಬಾಯಿಪಾಠ ಹೇಳುತ್ತಿದ್ದಳು. ನಾನು ದಾಖಲೆ ಪುಸ್ತಕದ ಮೇಲೆ ಬಗ್ಗಿ ಕೂತು ಕೇಳಿಸಿಕೊಂಡೆ. ನನ್ನ ಕಿವಿ ಬಿಸಿಯಾಗಿತ್ತು. ಎಂಎ ಮುಗಿಸಿ ಇಷ್ಟು ವರ್ಷಕ್ಕೆ ನನ್ನದೊಂದು ವಾಕ್ಯ ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ನಿನ್ನೆ ರಮ್ಯ ಬಂದಿದ್ದಳು. ಮೇಜಿಗೆ ಆತುಕೊಂಡು, "ಮೇಡಂ, ವನಿತಕ್ಕ ಬರ್ದಿರೋದ್ರಲ್ಲೆಲ್ಲ ಇದೇ ಬೆಸ್ಟು. ನಾನು ಆಫೀಸ್ನಲ್ಲಿ ಹಿಂಗೇ ಇವ್ನಿ" ಎಂದಳು. ಇವತ್ತು ಹೇಳಿಯೇಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ಕೆಳಗೆ ಎಸ್ರು ಇರ್ಲಿಲ್ವಲ್ಲ, ಅದ್ಕೆ ಅಕ್ಕನ್ನೇ ಕೇಳ್ದೆ. ನಾನೇ ಬರ್ದಿದ್ದು ಕಣಮ್ಮಿ ಅಂದ್ರು" ಎಂದಳು.

ನಾನು ತೆರೆದ ಬಾಯಿಂದ "ಹೌದಾ" ಎಂದೆ.

ಎಲ್ಲವೂ ಇರುವವಳು ನೀನು. ಕೆಲಸ ಇದೆ, ಮಾತು ಇದೆ, ಎದುರಿಗೆ ಕೂತು ನಗುವ ರಮ್ಯ ಇದ್ದಾಳೆ. ನನ್ನ ಆ ಹತ್ತು ಸಾಲೂ ನಿನಗೆ ಬೇಕಾಯಿತಾ?

ಬೃಂದಾ


ಭೀಮನಬೀಡು
೧೮ ಆಗಸ್ಟ್ ೨೦೨೪

ಬೃಂದಾ,

ನಿನ್ನ ಕಾಗದ ಬಂದಾಗಿನಿಂದ ಉತ್ತರ ಬರೆದು ಹರಿದುಹಾಕುತ್ತಿದ್ದೇನೆ. ಈಗ ಬರೆಯದೆ ವಿಧಿಯಿಲ್ಲ.

ಹೋದ ವಾರ ನಮ್ಮ ಸಾಫ್ಟ್‌ವೇರ್ ಹೂವಿನ ತೂಕದಲ್ಲಿ ತಪ್ಪು ಮಾಡಿತು. ಹೂವು ತುಂಬಿದ ಕ್ರೇಟನ್ನು ತೂಗಿ, ಖಾಲಿ ಕ್ರೇಟಿನ ತೂಕವನ್ನು ಒಂದು ಸಲ ಕಳೆಯಬೇಕು. ಅದು ಎರಡು ಸಲ ಕಳೆಯುತ್ತಿತ್ತು. ರೈತರಿಗೆ ಕಡಿಮೆ ತೂಕದ ಚೀಟಿ ಹೋಯಿತು. ಬೆಳಗ್ಗೆ ಎದ್ದರೆ ನಮ್ಮ ಜಗಲಿ ತುಂಬ ಜನ. ಪುಟ್ಟಮಾದಣ್ಣ ಚೀಟಿ ಹಿಡಿದುಕೊಂಡು, "ಏನಮ್ಮಿ, ನಿನ್ ಕಂಪೂಟ್ರು ನಮ್ ಹೂವ ಮುಡ್ಕತದಾ? ಜಡೆ ಎಷ್ಟುದ್ದ ಅದೆ ಅದುಕ್ಕೆ?" ಎಂದರು. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗದೆ ತಲೆತಗ್ಗಿಸಿಕೊಂಡು ಒಳಗೆ ಹೋದರು. ಈಗ ಸರಿಪಡಿಸಿದ್ದೇವೆ, ತೂಕವನ್ನೂ ತುಂಬಿಕೊಟ್ಟಾಯಿತು. ಅಪ್ಪನ ಆ ಬೆನ್ನು ಮಾತ್ರ ಕಣ್ಣಿಂದ ಹೋಗುತ್ತಿಲ್ಲ.

ಕೋಡ್ ಬರೆದವಳು ನಾನು. ಪರೀಕ್ಷಿಸಿದವಳು ರಮ್ಯ. ಅವಳು ಮೊದಲೇ ಗಮನಿಸಿದ್ದಳಂತೆ. "ಯಾಕಮ್ಮಿ ಯೋಳ್ನಿಲ್ಲ?" ಎಂದು ಕಿರುಚಿದೆ. ಅವಳು ಅಳುತ್ತಾ, "ವಿಚಿತ್ರವಾಗಿ ಕಂಡದ್ದನ್ನೆಲ್ಲ ತಪ್ಪು ಅನ್ಬೇಡಿ ಅಂತ ನೀವೇ ಬರ್ದಿದ್ರಲ್ಲಕ್ಕಾ. ಯಾವುದೋ ಮಳೆಗೆ ಎದುರಿ ಕಟ್ಟಿರೋ ಗೋಡೆ ಇರ್ಬೋದು ಅಂತ ಸುಮ್ನಾದೆ" ಅಂದಳು.

ನಮ್ಮ ಮ್ಯಾನೇಜರ್ ಸುನೀಲ್ ಕುಮಾರ್ ಅವಳನ್ನು ತೆಗೆದುಹಾಕುತ್ತೇನೆಂದು ಕೂತಿದ್ದರು. ಸುಮ್ಮನಿರು ಎಂದು ಅವಳಿಗೆ ಕಲಿಸಿದವಳು ನಾನು, ಬರೆದು ಅಂಟಿಸಿದವಳೂ ನಾನೇ, ತೆಗೆಯುವುದಾದರೆ ನನ್ನನ್ನು ತೆಗೆಯಿರಿ ಎಂದೆ. ಬೈದು ಸುಮ್ಮನಾದರು. ರಮ್ಯಳ ಕೆಲಸ ಉಳಿದಿದೆ. ನಿನ್ನ ಹೆಸರು ಎಲ್ಲೂ ಬಂದಿಲ್ಲ, ಬರುವುದೂ ಇಲ್ಲ.

ಇನ್ನು ನೀನು ಕೇಳಿದ್ದಕ್ಕೆ. ಆ ಹಸಿರು ಪುಸ್ತಕದ ಬಗ್ಗೆ ನಾನು ಬರೆಯಬೇಕೆಂದಿದ್ದದ್ದು ಪೂರಾ ಉಲ್ಟಾ. ಹೊಸಬರ ಕಣ್ಣು ಆರು ತಿಂಗಳಿಗೆ ಹಳತಾಗುತ್ತದೆ, ಅಷ್ಟರೊಳಗೆ ಕಂಡದ್ದನ್ನೆಲ್ಲ ಕೇಳಿಬಿಡಬೇಕು ಎಂದು. ನಿನ್ನ ಹಾಳೆ ಓದಿದ ಕ್ಷಣವೇ ಇದು ತಪ್ಪು ಬುದ್ಧಿ ಎಂದು ಗೊತ್ತಾಯಿತು. ಆದರೆ ಅದು ಎಷ್ಟು ಚೆನ್ನಾಗಿತ್ತು! ನಾನು ಬರೆದರೆ ಜನ ನಗುತ್ತಾರೆ, ಅಷ್ಟೇ. ನೀನು ಬರೆದದ್ದನ್ನು ನಾನು ಮೂರು ಸಲ ಓದಿದೆ. ಕೋಡ್ ಬರೆಯುವವಳು ನಾನು, ಅದನ್ನು ದಾಟಿಕೊಂಡು ಓದುವ ನಿನಗೆ ಅದು ಮನೆಯಾಗಿ ಕಂಡಿತಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ತಪ್ಪು ಎಂದು ಬರೆದರೆ ಹೊಟ್ಟೆಕಿಚ್ಚಿಗೆ ಬರೆದ ಹಾಗೆ ಕಾಣುತ್ತದೆ, ಚೆನ್ನಾಗಿದೆ ಎಂದು ಬರೆಯಲು ಕೈ ಬರಲಿಲ್ಲ. ರಮ್ಯ ಕಣ್ಣರಳಿಸಿಕೊಂಡು, "ಇದು ನೀವೇನಾ ಅಕ್ಕಾ?" ಎಂದಾಗ ನಾನೇ ಅಂದುಬಿಟ್ಟೆ. ಅವಳು ನನ್ನ ಕಡೆ ಹಾಗೆ ಯಾವತ್ತೂ ನೋಡಿರಲಿಲ್ಲ.

ವನಿತಾ


ಉಡಿಗಾಲ
೧೫ ಸೆಪ್ಟೆಂಬರ್ ೨೦೨೪

ವನಿತಾ,

ನಿನ್ನ ಕಾಗದ ಓದಿ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೊಗಳಿಕೆಯನ್ನು ನೀನು ತೆಗೆದುಕೊಂಡೆ. ಬೈಗುಳ ಬಂದಾಗ ಅದನ್ನೂ ನೀನೇ ಇಟ್ಟುಕೊಂಡೆ. 'ನಿನ್ನ ಹೆಸರು ಎಲ್ಲೂ ಬಂದಿಲ್ಲ' ಎಂದು ದೊಡ್ಡ ಉಪಕಾರದ ಹಾಗೆ ಬರೆದಿದ್ದೀಯ. ನಾನು ಬರೆದ ಮಾತು ನಂಬಿ ಒಬ್ಬಳು ಕೆಲಸ ಕಳೆದುಕೊಳ್ಳುವುದರಲ್ಲಿದ್ದಳು. ಆ ತಪ್ಪಾದರೂ ನನ್ನದಾಗಬೇಡವೇ?

ಅಮ್ಮ ರೊಟ್ಟಿ ತಟ್ಟುತ್ತಾ, "ಯಾರ್ ಮ್ಯಾಲಮ್ಮಿ ಕ್ವಾಪ? ಆಗ್ಲಿಂದ ಒಂದೇ ತುತ್ತ ಅಗೀತಿದ್ದೀಯ" ಎಂದಳು. ಯಾರ ಮೇಲೆಂದು ನನಗೇ ಗೊತ್ತಾಗಲಿಲ್ಲ. ನಾನು ಆ ಹಾಳೆ ಬರೆದದ್ದು ಆ ಹುಡುಗರಿಗಾಗಿ ಅಲ್ಲ. ಮಾತಾಡಲು ಬಾರದಿರುವುದೇ ದೊಡ್ಡ ಗುಣ ಎಂದು ಯಾರಾದರೂ ಒಪ್ಪಲಿ ಎಂದು. ನನ್ನ ಸ್ವಭಾವವನ್ನೇ ಎಲ್ಲರಿಗೂ ಬುದ್ಧಿಮಾತು ಮಾಡಿಬಿಟ್ಟೆ.

ನಿನ್ನೆ ಶನಿವಾರ ರಮ್ಯ ವಾಚನಾಲಯಕ್ಕೆ ಬಂದಳು. ಮೊದಲಿನ ಹಾಗೆ ಮೇಜಿಗೆ ಆತುಕೊಳ್ಳಲಿಲ್ಲ. ಬೇರೆ ಹುಡುಗರೂ ಇದ್ದರು. ಅವರು ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮರುಕ್ಷಣ, ಆಮೇಲೆ ಎಂದರೆ ಇವಳೂ ಹೋಗಿರುತ್ತಾಳೆ ಅನ್ನಿಸಿತು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಹಸಿರು ಪುಸ್ತಕದ ಹಾಳೆ ಬರೆದವಳು ನಾನು. ವನಿತಾ ಅಲ್ಲ. ನನಗೆ ಕೋಡ್ ಬರುವುದಿಲ್ಲ, ಆಫೀಸಿನಲ್ಲಿ ಕೆಲಸ ಮಾಡಿಯೂ ಗೊತ್ತಿಲ್ಲ" ಎಂದೆ. ಧ್ವನಿ ಎಷ್ಟು ಜೋರಾಯಿತೆಂದರೆ ಪೇಪರ್ ಓದುತ್ತಿದ್ದ ಮುದುಕರೊಬ್ಬರು ಕನ್ನಡಕ ತೆಗೆದು ನೋಡಿದರು.

ರಮ್ಯ ನನ್ನನ್ನೇ ನೋಡಿದಳು. "ನೀವಾ? ಬಂದೋರ್ಗೆ ಕೂತ್ಕಳಿ ಅನ್ನಾಕೂ ನಾಚ್ಕತೀರಲ್ಲ ಮೇಡಂ?"

"ಹೂಂ. ಅದಕ್ಕೇ ಹಾಗೆ ಬರೆದೆ."

"ವನಿತಕ್ಕ ತಾನೇ ಬರ್ದಿದ್ದು ಅಂದ್ರಲ್ಲ?"

"ಅದನ್ನು ಅವಳನ್ನೇ ಕೇಳು."

"ಸರಿ ಬುಡಿ. ಒಬ್ರು ಬರ್ದು ಸುಮ್ನಿದ್ರಿ, ಒಬ್ರು ಬರೀದೆ ನಂದು ಅಂದ್ರಿ. ಮಧ್ಯದಲ್ಲಿ ನಾನು ಬೈಸ್ಕಂಡೆ" ಎಂದಳು. ಹುಡುಗರು ಕಿಸಕ್ಕನೆ ನಕ್ಕರು. ಅವಳು ಅವರ ಕಡೆ ತಿರುಗಿ, "ಏನ್ರಲಾ ನಗ್ತೀರ? ನೀವೂ ನೋಟ್ಸ್ ಮಾಡ್ಕಂಡಿದ್ದೀರಲ್ಲ, ಮೊದ್ಲು ಹೊಡುದಾಕ್ರಿ ಅದ" ಎಂದು ಗದರಿದಳು.

ನಾನು ಹಾಳೆ ಕಿತ್ತುಹಾಕಲು ಹೋದೆ. ಅವಳು ಕೈ ಹಿಡಿದುಕೊಂಡು, "ಇರ್ಲಿ ಮೇಡಂ, ಎಸ್ರು ಹಾಕಿ" ಎಂದಳು. ನಾನು ಕೆಳಗೆ 'ಬೃಂದಾ, ಉಡಿಗಾಲ' ಎಂದು ಬರೆದೆ. ಅದರ ಕೆಳಗೆ, ನಿನ್ನ ಕಾಗದ ನೋಡಿಕೊಂಡು, ಹೊಸಬರ ಕಣ್ಣು ಆರು ತಿಂಗಳಿಗೆ ಹಳತಾಗುತ್ತದೆ ಎಂಬ ನಿನ್ನ ಮಾತನ್ನೂ ನಿನ್ನ ಹೆಸರಿನೊಂದಿಗೆ ನಕಲು ಮಾಡಿದೆ. ಇನ್ನೂ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ರಮ್ಯ ನನ್ನ ಪೆನ್ನು ಕಸಿದುಕೊಂಡು, ನಿನ್ನದಕ್ಕಿಂತಲೂ ಕೆಟ್ಟ ಅಕ್ಷರದಲ್ಲಿ ಒಂದು ಸಾಲು ಗೀಚಿ ಹೋದಳು.

"ಹೊಸ ಮನೆಯಲ್ಲಿ ಸುಟ್ಟ ವಾಸನೆ ಬಂದರೆ, ಬಂದು ಒಂದೇ ದಿನ ಆಗಿದ್ದರೂ ಕೂಗಿ. ರಮ್ಯ."

ಅವಳು ಆಚೆ ಹೋದ ಮೇಲೆ ಹುಡುಗರು ಪುಸ್ತಕದ ಸುತ್ತ ಸೇರಿದರು. ಒಬ್ಬ ನನ್ನ ಹತ್ತು ಸಾಲಿನ ಮೇಲೆ ಕಣ್ಣು ಜಾರಿಸಿದ, ನಿನ್ನದನ್ನು ಅರ್ಧ ಓದಿದ, ಕೊನೆಯ ಸಾಲಿಗೆ ಬಂದು ನಿಂತ. "ಇದು ಮಾತು!" ಎಂದು ನೋಟ್‌ಬುಕ್ ತೆಗೆದು ಅದೊಂದನ್ನೇ ಬರೆದುಕೊಂಡ.

ನನಗೆ ಎಷ್ಟು ಹೊಟ್ಟೆ ಉರಿಯಿತು ಎನ್ನುತ್ತೀಯಾ! ನಾನೊಬ್ಬಳೇ ಯಾಕೆ ಉರಿದುಕೊಳ್ಳಲಿ ಎಂದು ಆ ಸಾಲನ್ನು ಒಂದಕ್ಷರವೂ ಬಿಡದೆ ನಿನಗೆ ಬರೆದು ಕಳಿಸುತ್ತಿದ್ದೇನೆ.

ನಿನ್ನ
ಬೃಂದಾ